ನಮ್ಮ ಕೇಸನ್ನು ನಾವೇ ನಡೆಸುವುದು: ಸಿವಿಲ್ ನ್ಯಾಯಾಲಯದಿಂದ ತೆರಿಗೆ ನ್ಯಾಯಮಂಡಳಿಯವರೆಗೆ

ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ಮಾಲೀಕರಿಂದ ಬರಬೇಕಾಗಿದ್ದ 2,40,000 ರೂಪಾಯಿ ಮುಂಗಡಕ್ಕಾಗಿ ನಾನು ದಾವೆ ಹೂಡಿದಾಗ ನನ್ನ ಪರವಾಗಿ ವಕೀಲರಿರಲಿಲ್ಲ. ಮರುವರ್ಷ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಾದ ನನ್ನ ಸೋದರಮಾವನ ಆದಾಯ ತೆರಿಗೆ ಮೇಲ್ಮನವಿಯಲ್ಲಿಯೂ ಬೆಂಗಳೂರಿನ ನ್ಯಾಯಮಂಡಳಿಯ ಮುಂದೆ ನಾನೇ ನಿಂತೆ. ಎರಡೂ ಕಡೆ ನಾನು ಎಡವಿದ್ದು ದಿನಾಂಕ ಮತ್ತು ಕಾಗದಪತ್ರಗಳಲ್ಲಿ. ಗೆದ್ದಷ್ಟನ್ನು ಗೆದ್ದದ್ದೂ ಅವುಗಳಿಂದಲೇ. ಹಾಗಾಗಿ ಈ ಬರಹದಲ್ಲಿ ವಾದ ಮಂಡಿಸುವ ಕಲೆಗಿಂತ ಕಡತ ಕಟ್ಟುವ ಕೆಲಸಕ್ಕೇ ಹೆಚ್ಚು ಜಾಗ ಹೋಗಿದೆ.

ಖುದ್ದಾಗಿ ಹಾಜರಾಗುವ ಹಕ್ಕು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದಲ್ಲಿಯೇ ಇದೆ (ಈ ಸಂಹಿತೆಯಲ್ಲಿ ‘ಆದೇಶ’ವೆಂದರೆ ನಿಯಮಗಳ ಅಧ್ಯಾಯ). ಕಕ್ಷಿದಾರನು ತಾನೇ ಬರಬಹುದು, ಅಧಿಕೃತ ಪ್ರತಿನಿಧಿಯ ಮೂಲಕ ಬರಬಹುದು, ಇಲ್ಲವೇ ವಕೀಲರ ಮೂಲಕ ಬರಬಹುದು. ಆದರೆ ಈ ಹಕ್ಕು ನಿಮ್ಮ ಸ್ವಂತ ಕೇಸಿಗೆ ಮಾತ್ರ ಸೀಮಿತವೆಂಬುದನ್ನು ಮರೆಯಬಾರದು. ಅಣ್ಣನ ಪರವಾಗಿ, ಗೆಳೆಯನ ಪರವಾಗಿ ಸಿವಿಲ್ ನ್ಯಾಯಾಲಯದಲ್ಲಿ ವಾದಿಸಬೇಕೆಂದರೆ 1961ರ ವಕೀಲರ ಕಾಯಿದೆಯ 32ನೇ ಕಲಮಿನಂತೆ ನ್ಯಾಯಾಲಯದ ಅನುಮತಿ ಬೇಕು, ಅದನ್ನು ಹಕ್ಕೆಂದು ಕೇಳುವಂತಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಊರಿನ ಆಸ್ತಿ ವಿವಾದಕ್ಕೆ ತಂದೆಗೋ ತಮ್ಮನಿಗೋ ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಟ್ಟು ನಿಶ್ಚಿಂತರಾಗುವುದುಂಟು. ಜಿಪಿಎ ಹೊಂದಿದವರು ದಾವೆಗೆ ಸಹಿ ಮಾಡಬಹುದು, ಹಾಜರಾಗಬಹುದು. ಆದರೆ ಜಿಪಿಎ ಕೊಟ್ಟವರಿಗೆ ಮಾತ್ರ ಗೊತ್ತಿರುವ ಸಂಗತಿಗಳ ಬಗ್ಗೆ ಅವರ ಬದಲಿಗೆ ಸಾಕ್ಷಿ ನುಡಿಯಲಾಗದೆಂದು ಸುಪ್ರೀಂ ಕೋರ್ಟ್ 2005ರ ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದಲ್ಲಿ ಹೇಳಿದೆ. ಅಮೆರಿಕದಲ್ಲಿದ್ದ ಮಗ ಕೊಟ್ಟ ಸಾಲದ ಬಗ್ಗೆ ಊರಿನ ತಂದೆ ಸಾಕ್ಷಿ ಹೇಳಿದರೆ, ಪಾಟಿ ಸವಾಲಿನ (ಎದುರು ಪಕ್ಷದವರು ಸಾಕ್ಷಿಯನ್ನು ಪ್ರಶ್ನಿಸುವ ಹಂತದ) ಮೊದಲ ಐದು ನಿಮಿಷದಲ್ಲಿಯೇ ಅದು ಉದುರಿಬೀಳುತ್ತದೆ.

ಯಾವ ಕೇಸನ್ನು ನಾವೇ ನಡೆಸಬಹುದು

ಲೆಕ್ಕ ಸರಳವಾಗಿರುವ, ದಾಖಲೆ ನಮ್ಮ ಕೈಯಲ್ಲಿರುವ ಹಣದ ದಾವೆಗಳನ್ನು ನಾವೇ ನಡೆಸಬಹುದು. ಬಾಡಿಗೆ ಮುಂಗಡ, ಬ್ಯಾಂಕ್ ಮೂಲಕ ಕೊಟ್ಟ ಕೈಸಾಲ, ಪೂರೈಸಿದ ಸರಕಿನ ಬಾಕಿ ಈ ಜಾತಿಯವು. ಮೂರು ತಲೆಮಾರಿನ ಪಾಲು ವಿಭಾಗ, ಕ್ರಯಪತ್ರ ರದ್ದತಿ, ಉಯಿಲಿನ ಸಿಂಧುತ್ವ, ಒತ್ತುವರಿ ಮತ್ತು ಹದ್ದುಬಸ್ತಿನ ತಕರಾರುಗಳನ್ನು ಸ್ವಂತವಾಗಿ ನಡೆಸಲು ಹೋಗಬೇಡಿರೆಂದು ಸ್ಪಷ್ಟವಾಗಿ ಹೇಳುತ್ತೇನೆ. ಅಲ್ಲಿ ಒಂದು ಪರಿಹಾರವನ್ನು ಕೇಳಲು ಮರೆತರೆ ಇಡೀ ದಾವೆಯೇ ಬೀಳಬಹುದು; ಮರೆತದ್ದನ್ನು ಬೇರೆ ದಾವೆಯಲ್ಲಿ ಕೇಳಲು ಸಂಹಿತೆಯ 2ನೇ ಆದೇಶದ 2ನೇ ನಿಯಮ ಅಡ್ಡ ಬರುತ್ತದೆ. ವಕೀಲರ ಶುಲ್ಕವೇ ತೊಡಕಾಗಿದ್ದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಮೊದಲು ವಿಚಾರಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ನೆರವು ಸಿಗುತ್ತದೆ. 15100 ಸಂಖ್ಯೆಗೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ.

ಇನ್ನೊಂದು ನಡುದಾರಿಯೂ ಇದೆ. ದಾವಾಪತ್ರವನ್ನು ಒಮ್ಮೆ ವಕೀಲರಿಗೆ ತೋರಿಸಿ, ಅವರ ಸಮಯಕ್ಕೆ ತಕ್ಕ ಶುಲ್ಕ ಕೊಟ್ಟು ತಿದ್ದಿಸಿಕೊಂಡು, ಹಾಜರಾತಿಯನ್ನು ಮಾತ್ರ ನಾವೇ ನೋಡಿಕೊಳ್ಳಬಹುದು. ನಾನು ಹಾಗೆ ಮಾಡಲಿಲ್ಲ, ಮಾಡಿದ್ದರೆ ಕನಿಷ್ಠ ಎರಡು ವಾಯಿದೆಗಳು (ವಿಚಾರಣೆಯ ದಿನಗಳು) ಉಳಿಯುತ್ತಿದ್ದವು.

ದಾವೆಗೆ ಮುನ್ನ

ಮೊದಲು ಕ್ಯಾಲೆಂಡರ್ ತೆಗೆಯಿರಿ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಹಣದ ದಾವೆಗಳಿಗೆ ಸಾಮಾನ್ಯವಾಗಿ ಮೂರು ವರ್ಷ. ತಡವಾದುದನ್ನು ಮನ್ನಿಸುವ 5ನೇ ಕಲಮು ಮೇಲ್ಮನವಿ ಮತ್ತು ಅರ್ಜಿಗಳಿಗೆ ಅನ್ವಯವಾಗುತ್ತದೆಯೇ ಹೊರತು ಮೂಲ ದಾವೆಗೆ ಅನ್ವಯವಾಗುವುದಿಲ್ಲ, ಆದ್ದರಿಂದ ಒಂದು ದಿನ ಮೀರಿದರೂ ಕರುಣೆಗೆ ಅಲ್ಲಿ ಜಾಗವಿಲ್ಲ. ನಾನು ಮನೆ ಖಾಲಿ ಮಾಡಿದ್ದು 2022ರ ಮೇ 31ರಂದು, ಅಂದರೆ 2025ರ ಮೇ 31ರೊಳಗೆ ದಾವೆ ದಾಖಲಾಗಬೇಕಿತ್ತು. ಕೊನೆಯ ದಿನ ಬೇಸಿಗೆ ರಜೆಯಲ್ಲಿ ಬಿದ್ದರೆ ನ್ಯಾಯಾಲಯ ತೆರೆದ ದಿನವೇ ಸಲ್ಲಿಸಲು 4ನೇ ಕಲಮು ಅವಕಾಶ ಕೊಡುತ್ತದೆ, ಆದರೂ ಅದನ್ನು ನಂಬಿ ಕೂರುವುದು ಬಸ್ಸು ಹೊರಟ ಮೇಲೆ ಓಡುವುದಕ್ಕೆ ಸಮ. ‘ಮುಂದಿನ ತಿಂಗಳು ಕೊಡುತ್ತೇನೆ’ ಎಂಬ ಬಾಯಿಮಾತು ಕಾಲಮಿತಿಯನ್ನು ಮುಂದೂಡುವುದಿಲ್ಲ. ಅವಧಿ ಮುಗಿಯುವ ಮೊದಲೇ ಸಾಲ ಒಪ್ಪಿಕೊಂಡು ಸಹಿ ಮಾಡಿಕೊಟ್ಟ ಬರಹವಿದ್ದರೆ ಮಾತ್ರ 18ನೇ ಕಲಮಿನಂತೆ ಹೊಸ ಅವಧಿ ಶುರುವಾಗುತ್ತದೆ.

ಖಾಸಗಿಯವರ ವಿರುದ್ಧ ನೋಟಿಸು ಕಡ್ಡಾಯವಲ್ಲದಿದ್ದರೂ ಕೊಡುವುದು ಒಳ್ಳೆಯದು. ಎಷ್ಟು ಹಣ, ಯಾವ ಲೆಕ್ಕ, ಎಷ್ಟು ದಿನದೊಳಗೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿ ಮತ್ತು ತಲುಪಿದ ವಿವರವನ್ನು ಜೋಪಾನ ಮಾಡಿ. ಸರ್ಕಾರದ ವಿರುದ್ಧವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ಎರಡು ತಿಂಗಳ ನೋಟಿಸಿಲ್ಲದೆ ದಾವೆ ನಿಲ್ಲುವುದಿಲ್ಲ. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆಯಬೇಕು. ವ್ಯಾಪಾರಸ್ಥರ ನಡುವಿನ 3 ಲಕ್ಷ ರೂಪಾಯಿ ಮೇಲ್ಪಟ್ಟ ವಾಣಿಜ್ಯ ವಿವಾದವಾದರೆ, ತುರ್ತು ತಡೆಯಾಜ್ಞೆ ಬೇಕಿಲ್ಲದ ಪಕ್ಷದಲ್ಲಿ, ದಾವೆಗೆ ಮೊದಲೇ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.

ದಾವಾಪತ್ರವನ್ನು ಬರೆಯುವಾಗ ಹೊಸಬರೆಲ್ಲ ಮಾಡುವ ತಪ್ಪೆಂದರೆ ಅನ್ಯಾಯದ ಕಥೆ ಬರೆಯುವುದು. ನನ್ನ ಮೊದಲ ಕರಡು ಹನ್ನೊಂದು ಪುಟವಿತ್ತು, ಅದರಲ್ಲಿ ಮಾಲೀಕರ ನಡತೆಯ ಬಗ್ಗೆ ನಾಲ್ಕು ಪುಟಗಳಿದ್ದವು. ಕೊನೆಗೆ ಉಳಿದದ್ದು ಮೂರೂವರೆ ಪುಟ. ಸಂಹಿತೆಯ 6ನೇ ಆದೇಶ ಕೇಳುವುದು ಸಂಗತಿಗಳನ್ನು ಮಾತ್ರ, ಸಾಕ್ಷ್ಯವನ್ನೂ ಅಲ್ಲ, ವಾದವನ್ನೂ ಅಲ್ಲ. ನನ್ನ ನಾಲ್ಕನೆಯ ಪ್ಯಾರಾ ಹೀಗಿತ್ತು: ‘ವಾದಿಯು ದಿನಾಂಕ 31-05-2022ರಂದು ಮನೆಯ ಸ್ವಾಧೀನವನ್ನು ಪ್ರತಿವಾದಿಗೆ ಬಿಟ್ಟುಕೊಟ್ಟು ಬೀಗದ ಕೈಗಳನ್ನು ಒಪ್ಪಿಸಿರುತ್ತಾರೆ. ಆ ದಿನದವರೆಗಿನ ಬಾಡಿಗೆಯು ಸಂಪೂರ್ಣ ಪಾವತಿಯಾಗಿರುತ್ತದೆ. ಕರಾರಿನ 6ನೇ ಷರತ್ತಿನಂತೆ ಮುಂಗಡ ಹಣ ರೂ. 2,40,000ವನ್ನು ಪ್ರತಿವಾದಿಯು ಅದೇ ದಿನ ಹಿಂದಿರುಗಿಸಬೇಕಾಗಿದ್ದು, ಹಿಂದಿರುಗಿಸಿರುವುದಿಲ್ಲ.’ ಒಂದು ಪ್ಯಾರಾದಲ್ಲಿ ಒಂದೇ ವಿಷಯ, ಪ್ರತಿಯೊಂದಕ್ಕೂ ದಿನಾಂಕ, ಪ್ರತಿಯೊಂದರ ಹಿಂದೆಯೂ ಒಂದು ದಾಖಲೆ ಇರಬೇಕು. ವ್ಯಾಜ್ಯಕಾರಣ (ದಾವೆ ಹೂಡುವ ಹಕ್ಕು ಕೊಡುವ ಸಂಗತಿಗಳು) ಯಾವಾಗ ಹುಟ್ಟಿತು, ಎಲ್ಲಿ ಹುಟ್ಟಿತು, ಈ ನ್ಯಾಯಾಲಯಕ್ಕೆ ಅಧಿಕಾರವ್ಯಾಪ್ತಿ ಹೇಗೆ ಬರುತ್ತದೆ, ದಾವೆಯ ಮೌಲ್ಯವೆಷ್ಟು, ಕೋರುವ ಪರಿಹಾರವೇನು ಎಂಬ ಪ್ಯಾರಾಗಳು ತಪ್ಪದೆ ಇರಬೇಕು. ಇವುಗಳಲ್ಲಿ ವ್ಯಾಜ್ಯಕಾರಣವೇ ಕಾಣದಿದ್ದರೆ 7ನೇ ಆದೇಶದ 11ನೇ ನಿಯಮದಡಿ ದಾವಾಪತ್ರವನ್ನು ಬಾಗಿಲಲ್ಲೇ ತಿರಸ್ಕರಿಸಬಹುದು. ಬಡ್ಡಿ ಕೇಳಲು ಮರೆಯಬೇಡಿ. ಕೊನೆಯಲ್ಲಿ ಸತ್ಯಾಪನೆ (ಬರೆದದ್ದು ನಿಜವೆಂಬ ಸಹಿ ಸಹಿತ ಹೇಳಿಕೆ), ಅದರ ಜೊತೆಗೆ ಅಫಿಡವಿಟ್.

ನಮ್ಮ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಇದೆಲ್ಲವನ್ನೂ ಕನ್ನಡದಲ್ಲಿಯೇ ಸಲ್ಲಿಸಬಹುದು, ಸಲ್ಲಿಸುವುದು ಮೇಲು ಕೂಡ. ಇಂಗ್ಲಿಷಿನಲ್ಲಿ ಬರೆಸಿಕೊಂಡು, ತಾನು ಸಹಿ ಹಾಕಿದ್ದೇನೆಂದು ಪಾಟಿ ಸವಾಲಿನಲ್ಲಿ ವಿವರಿಸಲಾಗದೆ ತಡವರಿಸುವವರನ್ನು ನಾನೇ ಕಂಡಿದ್ದೇನೆ. ಹೈಕೋರ್ಟಿನ ಭಾಷೆ ಮಾತ್ರ ಇಂಗ್ಲಿಷ್.

ಸಲ್ಲಿಸುವ ಕಿಟಕಿಯಲ್ಲಿ ದಾವಾಪತ್ರದ ಜೊತೆ ವ್ಯಾಲ್ಯುಯೇಷನ್ ಸ್ಲಿಪ್ (ದಾವೆಯ ಮೌಲ್ಯ ಮತ್ತು ಶುಲ್ಕದ ಲೆಕ್ಕದ ಚೀಟಿ), ದಾಖಲೆಗಳ ಪಟ್ಟಿ, ಪ್ರತಿವಾದಿಗಳ ಸಂಖ್ಯೆಯಷ್ಟು ಪ್ರತಿಗಳು, ಸಮನ್ಸಿಗೆ ಪ್ರೊಸೆಸ್ ಫೀ ಇವೆಲ್ಲ ಇರಬೇಕು. ನ್ಯಾಯಾಲಯ ಶುಲ್ಕವು 1958ರ ಕರ್ನಾಟಕದ ಕಾಯಿದೆಯಂತೆ ದಾವೆಯ ಮೊತ್ತಕ್ಕೆ ಅನುಗುಣವಾಗಿ ಹಂತಹಂತವಾಗಿ ಏರುವುದರಿಂದ, ಎಷ್ಟೆಂದು ಶಿರಸ್ತೇದಾರರ ಬಳಿ ಮೊದಲೇ ಕೇಳಿ ಹಣ ಹೊಂದಿಸಿಕೊಂಡು ಹೋಗಿ. ಕಚೇರಿ ಆಕ್ಷೇಪಣೆ ಹಾಕಿದರೆ ಬೇಸರಪಡಬೇಕಾಗಿಲ್ಲ, ವಕೀಲರ ಕಡತಗಳಿಗೂ ಆಕ್ಷೇಪಣೆ ಬೀಳುತ್ತವೆ. ದಾಖಲಾದ ಮೇಲೆ ಹದಿನಾರು ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಸಿಗುತ್ತದೆ; ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿಟ್ಟುಕೊಂಡರೆ ಮುಂದಿನ ದಿನಾಂಕ, ಆ ದಿನದ ಹಂತ, ದೈನಂದಿನ ಆದೇಶ ಎಲ್ಲವೂ ಕೈಯಲ್ಲಿರುತ್ತದೆ.

ನೀವೇ ಪ್ರತಿವಾದಿಯಾಗಿದ್ದರೆ

ಸಮನ್ಸ್ ತಲುಪಿದ ದಿನವನ್ನು ಅದರ ಮೇಲೆಯೇ ಬರೆದುಕೊಳ್ಳಿ. ಲಿಖಿತ ಹೇಳಿಕೆಗೆ 30 ದಿನ, ಕಾರಣ ತೋರಿಸಿದರೆ 90 ದಿನದವರೆಗೆ ಅವಕಾಶ. 90 ದಾಟಿದರೂ ವಿಶೇಷ ಸಂದರ್ಭದಲ್ಲಿ ಸ್ವೀಕರಿಸಬಹುದೆಂದು 2005ರ ಸೇಲಂ ಬಾರ್ ಅಸೋಸಿಯೇಷನ್ ತೀರ್ಪಿನಲ್ಲಿದ್ದರೂ, ವಾಣಿಜ್ಯ ದಾವೆಗಳಲ್ಲಿ 120 ದಿನ ಕಳೆದರೆ ಬಾಗಿಲು ಮುಚ್ಚಿತೆಂದೇ ತಿಳಿಯಿರಿ. ಉತ್ತರ ಬರೆಯುವಾಗ ದಾವಾಪತ್ರದ ಪ್ರತಿ ಪ್ಯಾರಾಕ್ಕೂ ಪ್ರತ್ಯೇಕವಾಗಿ ಒಪ್ಪುತ್ತೇನೆ, ಅಲ್ಲಗಳೆಯುತ್ತೇನೆ, ನನಗೆ ತಿಳಿದಿಲ್ಲ ಎಂದು ಬರೆಯಬೇಕು. ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಒಪ್ಪಿಕೊಂಡಂತೆಯೇ ಲೆಕ್ಕ ಹಾಕುತ್ತಾರೆ. ಗೈರುಹಾಜರಾಗಿ ಏಕಪಕ್ಷೀಯ ಡಿಕ್ರಿ (ತೀರ್ಪಿನಂತೆ ಹೊರಡುವ ಜಾರಿ ಮಾಡಬಹುದಾದ ಆಜ್ಞೆ) ಆಗಿಬಿಟ್ಟರೆ, ಡಿಕ್ರಿಯ ದಿನದಿಂದ, ಸಮನ್ಸೇ ತಲುಪಿರದಿದ್ದರೆ ಡಿಕ್ರಿ ತಿಳಿದ ದಿನದಿಂದ, 30 ದಿನದೊಳಗೆ 9ನೇ ಆದೇಶದ 13ನೇ ನಿಯಮದಡಿ ಅರ್ಜಿ ಹಾಕಬೇಕು. ವಾದಿ ಗೈರಾದರೂ ಪರಿಣಾಮ ಲಘುವಲ್ಲ. ದಾವೆ ವಜಾ ಆಗುತ್ತದೆ, ಅದೇ ಕಾರಣಕ್ಕೆ ಹೊಸ ದಾವೆ ಹೂಡುವಂತಿಲ್ಲ, 30 ದಿನದೊಳಗೆ ಪುನಃಸ್ಥಾಪನೆಯ ಅರ್ಜಿಯೊಂದೇ ದಾರಿ. ಕೇಸು ಕರೆಯುವ ಹೊತ್ತಿಗೆ ಚಹಾ ಕುಡಿಯಲು ಹೋಗುವುದು ಈ ಕಾರಣಕ್ಕೆ ಬಹಳ ದುಬಾರಿಯಾದ ಚಹಾ.

ದಾಖಲೆಗಳು

ನನಗೆ ಪೆಟ್ಟು ಬಿದ್ದದ್ದು ಇಲ್ಲಿ. ಬಾಡಿಗೆ ಕರಾರನ್ನು ಎಲ್ಲರಂತೆ ನಾವೂ 20 ರೂಪಾಯಿಯ ಛಾಪಾ ಕಾಗದದ ಮೇಲೆ ಬರೆಸಿದ್ದೆವು. ಅದನ್ನು ಗುರುತಿಸಲು ಕೊಟ್ಟ ಕ್ಷಣದಲ್ಲಿಯೇ ಎದುರು ವಕೀಲರು ಎದ್ದು, ಮುದ್ರಾಂಕ ಶುಲ್ಕ ಸಾಲದೆಂದು ಆಕ್ಷೇಪಿಸಿದರು. 1957ರ ಕರ್ನಾಟಕ ಮುದ್ರಾಂಕ ಕಾಯಿದೆಯ 34ನೇ ಕಲಮಿನಂತೆ ಕೊರತೆ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದ ಹೊರತು ಅಂಥ ದಾಖಲೆಯನ್ನು ಸಾಕ್ಷ್ಯವಾಗಿ ಓದುವಂತಿಲ್ಲ. ನನ್ನ ಕೊರತೆ 480 ರೂಪಾಯಿ, ದಂಡ 4,800, ಒಟ್ಟು 5,280 ರೂಪಾಯಿ ಕಟ್ಟುವಷ್ಟರಲ್ಲಿ ಎರಡು ವಾಯಿದೆಗಳು ಹೋದವು. ಮೊದಲೇ ಗೊತ್ತಿದ್ದರೆ ದಾವೆಯ ಜೊತೆಗೇ ದಂಡ ಕಟ್ಟಲು ಸಿದ್ಧನಿರುತ್ತಿದ್ದೆ.

ಮೂಲ ದಾಖಲೆಯನ್ನೇ ಹಾಜರುಪಡಿಸಬೇಕು, ಜೆರಾಕ್ಸ್ ಪ್ರತಿಯನ್ನು ಒಪ್ಪಬೇಕೆಂದರೆ ಮೂಲ ಎಲ್ಲಿ ಹೋಯಿತೆಂಬುದನ್ನು ಮೊದಲು ತೋರಿಸಿಕೊಡಬೇಕು. ದಾವೆ ಯಾವ ದಾಖಲೆಯ ಮೇಲೆ ನಿಂತಿದೆಯೋ ಅದನ್ನು ದಾವಾಪತ್ರದ ಜೊತೆಯಲ್ಲಿಯೇ ಕೊಡಬೇಕು, ತಡವಾದರೆ ಅನುಮತಿಗಾಗಿ ಮಧ್ಯಂತರ ಅರ್ಜಿ ಹಾಕಬೇಕಾಗುತ್ತದೆ. ವಾಟ್ಸ್‌ಆ್ಯಪ್ ಸಂದೇಶಗಳ ಮುದ್ರಿತ ಪ್ರತಿಯನ್ನು ಹಾಗೆಯೇ ಒಡ್ಡಿದರೆ ಅದಕ್ಕೆ ಬೆಲೆಯಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ. ಒಂದನ್ನು ಕಕ್ಷಿದಾರ, ಇನ್ನೊಂದನ್ನು ತಜ್ಞ ತುಂಬಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಡಿಜಿಟಲ್ ಕಡತದ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಆ ದಿನಕ್ಕಿಂತ ಮೊದಲೇ ನಡೆಯುತ್ತಿದ್ದ ಕೇಸುಗಳಿಗೆ ಹಳೆಯ ಸಾಕ್ಷ್ಯ ಕಾಯಿದೆಯ 65ಬಿ ಪ್ರಮಾಣಪತ್ರ ಸಾಕು. ಮೊಬೈಲ್ ಬದಲಾಯಿಸುವ ಯೋಚನೆಯಿದ್ದರೆ ಕೇಸು ಮುಗಿಯುವವರೆಗೆ ಮುಂದೂಡಿ, ಇಲ್ಲವೇ ಹಳೆಯದನ್ನು ಕಪಾಟಿನಲ್ಲಿಡಿ.

ಸಾಕ್ಷಿಕಟ್ಟೆ ಮತ್ತು ಪಾಟಿ ಸವಾಲು

ವಿವಾದಾಂಶಗಳನ್ನು (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ರಚಿಸಿದ ದಿನ ಅವುಗಳ ಪ್ರತಿಯನ್ನು ಬೆಂಚ್ ಕ್ಲರ್ಕ್ ಬಳಿ ಕೇಳಿ ಬರೆದುಕೊಳ್ಳಿ. ಮುಂದೆ ನೀವು ಕೊಡುವ ಸಾಕ್ಷ್ಯವೆಲ್ಲ ಆ ನಾಲ್ಕೈದು ಪ್ರಶ್ನೆಗಳಿಗೆ ಉತ್ತರವಾಗಿರಬೇಕು, ಯಾವುದನ್ನು ಸಾಬೀತುಪಡಿಸುವ ಹೊಣೆ ಯಾರ ಮೇಲಿದೆಯೆಂಬುದೂ ಅಲ್ಲಿಯೇ ಇರುತ್ತದೆ. ಮುಖ್ಯ ವಿಚಾರಣೆಯು ಅಫಿಡವಿಟ್ ಮೂಲಕ ನಡೆಯುವುದರಿಂದ ಅದನ್ನು ಮನೆಯಲ್ಲಿ ಕೂತು ಸಮಾಧಾನವಾಗಿ ಬರೆಯಬಹುದು. ದಾಖಲೆಗಳಿಗೆ ‘ನಿ.ಪಿ.1’, ‘ನಿ.ಪಿ.2’ ಎಂದು ಗುರುತು, ಅಂದರೆ ನಿಶಾನೆ, ಬೀಳುತ್ತದೆ. ಯಾವುದಕ್ಕೆ ಯಾವ ಸಂಖ್ಯೆಯೆಂದು ನಿಮ್ಮ ಪ್ರತಿಯ ಮೇಲೆಯೂ ಬರೆದುಕೊಳ್ಳಿ.

ಆಮೇಲೆ ಎದುರು ವಕೀಲರ ಸರದಿ. ಕನ್ನಡದ ಸಾಕ್ಷ್ಯ ಹೇಳಿಕೆಗೆ ಒಂದು ವಿಶಿಷ್ಟ ಸ್ವರೂಪವಿದೆ. ‘ನಾನು ಮನೆಯ ಗೋಡೆಗಳನ್ನು ಹಾಳು ಮಾಡಿದ್ದೆನೆಂದರೆ ಸರಿಯಲ್ಲ. ಖಾಲಿ ಮಾಡುವ ದಿನ ಪ್ರತಿವಾದಿಯು ಮನೆಯನ್ನು ಪರಿಶೀಲಿಸಿದರೆಂದರೆ ಸರಿ.’ ಪ್ರಶ್ನೆಯೂ ಉತ್ತರವೂ ಸೇರಿ ಒಂದೇ ವಾಕ್ಯವಾಗಿ ಟೈಪ್ ಆಗುವುದರಿಂದ, ಪ್ರಶ್ನೆಯ ಅರ್ಧಕ್ಕೆ ಮಾತ್ರ ಒಪ್ಪಿಗೆಯಿದ್ದಾಗ ಬರಿದೆ ‘ಸರಿ’ ಎಂದುಬಿಟ್ಟರೆ ಇಡೀ ವಾಕ್ಯ ನಿಮ್ಮದಾಗುತ್ತದೆ. ಇಂಥಲ್ಲಿ ‘ಪರಿಶೀಲಿಸಿದ್ದು ಸರಿ, ದೋಷ ತೋರಿಸಿದರೆಂಬುದು ಸರಿಯಲ್ಲ’ ಎಂದು ಬಿಡಿಸಿ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಸಹಿ ಹಾಕುವ ಮುನ್ನ ಟೈಪಾದ ಹಾಳೆಯನ್ನು ಪೂರ್ತಿ ಓದಿ, ತಪ್ಪಿದ್ದರೆ ನ್ಯಾಯಾಧೀಶರ ಗಮನಕ್ಕೆ ಆಗಲೇ ತನ್ನಿ.

ಸಾಕ್ಷಿಕಟ್ಟೆಗೆ ಹತ್ತದೆ ತಪ್ಪಿಸಿಕೊಳ್ಳಬಹುದೆಂದು ಕೆಲವರು ಭಾವಿಸುತ್ತಾರೆ. ತನ್ನ ಕೇಸನ್ನು ತಾನೇ ಪ್ರಮಾಣ ಮಾಡಿ ಹೇಳದ ಕಕ್ಷಿದಾರನ ವಿರುದ್ಧ ಪ್ರತಿಕೂಲ ಊಹೆ ಮಾಡಬಹುದೆಂದು 1999ರ ವಿದ್ಯಾಧರ್ ಪ್ರಕರಣದಿಂದ ಈಚೆಗೆ ಎಲ್ಲ ನ್ಯಾಯಾಲಯಗಳೂ ಹೇಳುತ್ತಾ ಬಂದಿವೆ.

ಮಾಲೀಕರನ್ನು ನಾನು ಪಾಟಿ ಸವಾಲಿಗೆ ಒಳಪಡಿಸಬೇಕಾದಾಗ ಹದಿನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಎಲ್ಲವೂ ಹೌದು, ಅಲ್ಲ ಎಂಬ ಉತ್ತರ ಬರುವಂಥವು. ಮುಂಗಡ ತಮ್ಮ ಖಾತೆಗೆ ಬಂದಿದೆಯೆಂದರೆ ಸರಿ. ಬಣ್ಣ ಹೊಡೆಸಿದ್ದಕ್ಕೆ ಬಿಲ್ಲು ಹಾಜರುಪಡಿಸಿಲ್ಲವೆಂದರೆ ಸರಿ. ನನ್ನ ನೋಟಿಸಿಗೆ ಉತ್ತರ ಕೊಟ್ಟಿಲ್ಲವೆಂದರೆ ಸರಿ. ಹದಿಮೂರನೆಯದರವರೆಗೆ ಎಲ್ಲವೂ ಸರಾಗವಾಗಿ ನಡೆಯಿತು. ಆಮೇಲೆ ಉತ್ಸಾಹ ತಡೆಯಲಾರದೆ, ಪಟ್ಟಿಯಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳಿಬಿಟ್ಟೆ: ‘ಹಾಗಾದರೆ ನನ್ನ ಹಣವನ್ನು ಏಕೆ ಕೊಡಲಿಲ್ಲ?’ ಅವರು ಅಡುಗೆಮನೆಯ ಸಿಂಕ್ ಒಡೆದದ್ದರಿಂದ ಹಿಡಿದು ಬಾತ್‌ರೂಮಿನ ಟೈಲ್ಸ್‌ವರೆಗೆ ಐದು ನಿಮಿಷ ಹೇಳಿದರು, ಅಷ್ಟೂ ದಾಖಲಾಯಿತು. ತೀರ್ಪಿನಲ್ಲಿ ದುರಸ್ತಿಗೆಂದು 35,000 ರೂಪಾಯಿ ಕಡಿತವಾದಾಗ ಆ ಒಂದು ಪ್ರಶ್ನೆಯ ಬೆಲೆ ನನಗೆ ತಿಳಿಯಿತು. ‘ಏಕೆ’ ಎಂದು ಪಾಟಿ ಸವಾಲಿನಲ್ಲಿ ಕೇಳಬೇಡಿ.

ವಾದದ ಹಂತದಲ್ಲಿ ಲಿಖಿತ ವಾದವನ್ನೂ ಸಲ್ಲಿಸಬಹುದು. ಮಾತು ಹರಿಯದವರಿಗೆ ಇದು ದೊಡ್ಡ ಆಸರೆ. ಪ್ರತಿ ವಿವಾದಾಂಶದ ಕೆಳಗೆ ಅದಕ್ಕೆ ಸಂಬಂಧಿಸಿದ ನಿಶಾನೆಯ ಸಂಖ್ಯೆ ಮತ್ತು ಪಾಟಿ ಸವಾಲಿನ ಸಾಲನ್ನು ನಮೂದಿಸಿ. ನಡುವೆ ಲೋಕ ಅದಾಲತ್ತಿಗೆ ಕರೆ ಬಂದರೆ ಹೋಗಿ ಕೂತು ಮಾತಾಡಿ. ಅಲ್ಲಿ ರಾಜಿಯಾದರೆ ನ್ಯಾಯಾಲಯ ಶುಲ್ಕ ವಾಪಸ್ ಬರುತ್ತದೆ, ಆದರೆ ಆ ತೀರ್ಮಾನದ ಮೇಲೆ ಮೇಲ್ಮನವಿಯಿಲ್ಲ, ಆದ್ದರಿಂದ ಮೊತ್ತವನ್ನೂ ಕೊಡುವ ದಿನಾಂಕವನ್ನೂ ಬರೆಯಿಸದೆ ಸಹಿ ಮಾಡಬೇಡಿ.

ಡಿಕ್ರಿ ಬಂದರೆ ಹಣ ಬಂತೆಂದು ಅರ್ಥವಲ್ಲ. ಎದುರಾಳಿ ತಾನಾಗಿ ಕೊಡದಿದ್ದರೆ 21ನೇ ಆದೇಶದಡಿ ಅಮಲ್ಜಾರಿ (ಡಿಕ್ರಿಯನ್ನು ಜಾರಿ ಮಾಡಿಸುವ) ಅರ್ಜಿ ಹಾಕಬೇಕು, ಅದಕ್ಕೆ ಹನ್ನೆರಡು ವರ್ಷಗಳ ಕಾಲಾವಕಾಶವಿದೆ. ಎದುರಾಳಿಯ ಬ್ಯಾಂಕ್ ಖಾತೆಯ ವಿವರ ನಿಮ್ಮ ಹಳೆಯ ಬಾಡಿಗೆ ಪಾವತಿಗಳಲ್ಲಿಯೇ ಇರುತ್ತದೆ. ಜಪ್ತಿ ಕೇಳುವಾಗ ಅದು ಉಪಯೋಗಕ್ಕೆ ಬರುತ್ತದೆ. ಸೋತಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ 30 ದಿನದೊಳಗೆ, ಹೈಕೋರ್ಟಿಗಾದರೆ 90 ದಿನದೊಳಗೆ. ತೀರ್ಪಿನ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ, ನಕಲು ಸಿದ್ಧವಾಗಲು ಹಿಡಿದ ದಿನಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ.

ತೆರಿಗೆ ನ್ಯಾಯಮಂಡಳಿ

ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 1941ರ ಜನವರಿಯಲ್ಲಿ ಸ್ಥಾಪನೆಯಾದ ಸಂಸ್ಥೆ. ಸಿವಿಲ್ ನ್ಯಾಯಾಲಯಕ್ಕಿಂತ ಇಲ್ಲಿ ಸಾಮಾನ್ಯ ಮನುಷ್ಯನಿಗೆ ಉಸಿರಾಡಲು ಹೆಚ್ಚು ಜಾಗವಿದೆಯೆಂಬುದು ನನ್ನ ಅನುಭವ. ಇಲ್ಲಿ ಸಾಕ್ಷಿಕಟ್ಟೆ, ಪಾಟಿ ಸವಾಲುಗಳ ಗೊಡವೆಯಿಲ್ಲ. ತೆರಿಗೆದಾರ ತಾನೇ ಬರಬಹುದು, ಆದಾಯ ತೆರಿಗೆ ಕಾಯಿದೆಯ 288ನೇ ಕಲಮಿನಂತೆ ಅವನ ಸಂಬಂಧಿಕನೂ ಅಧಿಕಾರಪತ್ರ ಹಿಡಿದು ಬರಬಹುದು. ನಾನು ಸೋದರಮಾವನ ಪರವಾಗಿ ನಿಂತದ್ದು ಈ ಬಾಗಿಲಿನಿಂದಲೇ. ಆದಾಯ ತೆರಿಗೆಯ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂಥದ್ದಾದರೂ ಅದಕ್ಕೆ ಹಿಂದಿನ ವರ್ಷಗಳ ತಕರಾರುಗಳನ್ನು 1961ರ ಕಾಯಿದೆಯ ಲೆಕ್ಕದಲ್ಲಿಯೇ ತೀರ್ಮಾನಿಸಬೇಕಾಗಿರುವುದರಿಂದ, ಕೆಳಗಿನ ಕಲಮುಗಳೆಲ್ಲ ಹಳೆಯ ಕಾಯಿದೆಯವು.

ಮಾವನ ಕಥೆ ಮಲೆನಾಡಿನ ಅನೇಕರ ಕಥೆ. 2016ರ ನವೆಂಬರಿನ ನೋಟು ರದ್ದತಿಯ ಸಮಯದಲ್ಲಿ ಅವರು ಬ್ಯಾಂಕಿಗೆ 6,80,000 ರೂಪಾಯಿ ನಗದು ಕಟ್ಟಿದ್ದರು, ಅಡಿಕೆ ಮಾರಿ ಮನೆಯಲ್ಲಿಟ್ಟಿದ್ದ ಹಣ. ನೋಟಿಸುಗಳೆಲ್ಲ ಹಿಂದೆಂದೋ ರಿಟರ್ನ್ ಹಾಕಿಕೊಟ್ಟಿದ್ದ ಲೆಕ್ಕಿಗರೊಬ್ಬರ ಇಮೇಲಿಗೆ ಹೋದವು. ಉತ್ತರವಿಲ್ಲದ್ದರಿಂದ ಅಧಿಕಾರಿಯು 144ನೇ ಕಲಮಿನಡಿ ಅಷ್ಟೂ ಹಣವನ್ನು ವಿವರಿಸಲಾಗದ ಹಣವೆಂದು 69ಎ ಅಡಿ ಸೇರಿಸಿ, 115ಬಿಬಿಇ ಪ್ರಕಾರ ಶೇಕಡಾ 60ರ ದರದಲ್ಲಿ ತೆರಿಗೆ, ಅದರ ಮೇಲೆ ಶೇಕಡಾ 25 ಸರ್‌ಚಾರ್ಜ್ ಹಾಕಿದರು. ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಹಾಕಿದ ಮೊದಲ ಮೇಲ್ಮನವಿಯ ಮುಖರಹಿತ (ಎದುರುಬದುರಾಗದೆ ಆನ್‌ಲೈನಿನಲ್ಲಿ ನಡೆಯುವ) ವಿಚಾರಣೆಯ ನೋಟಿಸುಗಳೂ ಅದೇ ಇಮೇಲಿಗೆ ಹೋಗಿ, ಅದೂ ಏಕಪಕ್ಷೀಯವಾಗಿ ವಜಾ ಆಯಿತು. ಹಾಗಾಗಿ ಮೊದಲ ಪಾಠವೆಂದರೆ, ಇ-ಫೈಲಿಂಗ್ ಪೋರ್ಟಲಿನಲ್ಲಿ ಪ್ರಾಥಮಿಕ ಇಮೇಲು ಮತ್ತು ಮೊಬೈಲು ಯಾರದೆಂದು ಇವತ್ತೇ ನೋಡಿಕೊಳ್ಳಿ.

ಅಧಿಕಾರಿಯ ಆದೇಶದ ಮೇಲೆ ಮೊದಲ ಮೇಲ್ಮನವಿಗೆ 35ನೇ ನಮೂನೆ, 30 ದಿನ. ಆದಾಯಕ್ಕೆ ತಕ್ಕಂತೆ ಶುಲ್ಕ 250, 500 ಅಥವಾ 1,000 ರೂಪಾಯಿ. ರಿಟರ್ನಿನಲ್ಲಿ ನೀವೇ ಒಪ್ಪಿಕೊಂಡ ತೆರಿಗೆಯನ್ನು ಕಟ್ಟಿರದಿದ್ದರೆ ಮೇಲ್ಮನವಿಯನ್ನು ಸ್ವೀಕರಿಸುವುದೇ ಇಲ್ಲ. ಸಾಧ್ಯವಿರುವ ಎಲ್ಲ ದಾಖಲೆಗಳನ್ನೂ ಈ ಹಂತದಲ್ಲಿಯೇ ಕೊಟ್ಟುಬಿಡಿ, ಮುಂದೆ ನ್ಯಾಯಮಂಡಳಿಯಲ್ಲಿ ಹೊಸ ಸಾಕ್ಷ್ಯವನ್ನು ಹಕ್ಕಾಗಿ ಕೊಡುವಂತಿಲ್ಲ. ನ್ಯಾಯಮಂಡಳಿ ನಿಯಮಗಳ 29ನೇ ನಿಯಮದಡಿ ಕಾರಣ ಹೇಳಿ ಅನುಮತಿ ಬೇಡಬೇಕು.

ನ್ಯಾಯಮಂಡಳಿಗೆ 36ನೇ ನಮೂನೆ. ಹಿಂದೆ 60 ದಿನವಿದ್ದ ಅವಧಿ 2024ರ ಅಕ್ಟೋಬರ್ 1ರಿಂದ ಬದಲಾಗಿದ್ದು, ಆದೇಶ ತಲುಪಿದ ತಿಂಗಳ ಕೊನೆಯಿಂದ ಎರಡು ತಿಂಗಳು ಲೆಕ್ಕ ಹಾಕಬೇಕು. ಜನವರಿ 12ರಂದು ಆದೇಶ ಬಂದರೆ ಮಾರ್ಚ್ 31ರವರೆಗೆ ಸಮಯವಿದೆ. ಶುಲ್ಕವು ತೀರ್ಮಾನವಾದ ಆದಾಯ 1 ಲಕ್ಷದವರೆಗಿದ್ದರೆ 500, 2 ಲಕ್ಷದವರೆಗೆ 1,500, ಅದಕ್ಕೆ ಮೇಲಾದರೆ ಆದಾಯದ ಶೇಕಡಾ ಒಂದು, ಗರಿಷ್ಠ 10,000 ರೂಪಾಯಿ. ಮಾವನ ಆದಾಯವನ್ನು 8,20,000 ಎಂದು ತೀರ್ಮಾನಿಸಿದ್ದರಿಂದ 8,200 ಕಟ್ಟಿದೆವು. ಬೆಳಗಾವಿ ಕಡೆಯ ಮೇಲ್ಮನವಿಗಳು ಪಣಜಿ ಪೀಠಕ್ಕೆ ಹೋಗುತ್ತಾ ಬಂದಿರುವುದರಿಂದ, ಆ ಭಾಗದವರು ಯಾವ ಪೀಠವೆಂದು ನೋಡಿಯೇ ಸಲ್ಲಿಸಬೇಕು.

ನಮಗೆ 140 ದಿನ ತಡವಾಗಿತ್ತು. ತಡವನ್ನು ಮನ್ನಿಸಲು ಕೋರುವ ಅರ್ಜಿಯ ಜೊತೆ ಮಾವನ ಅಫಿಡವಿಟ್ ಕೊಟ್ಟೆವು. ‘ವಯಸ್ಸಾಗಿದೆ, ತಿಳಿವಳಿಕೆಯಿಲ್ಲ’ ಎಂದು ಮೊಗಮ್ಮಾಗಿ ಬರೆಯದೆ, ಆದೇಶ ಯಾವ ಇಮೇಲಿಗೆ ಹೋಯಿತು, ಬ್ಯಾಂಕ್ ಖಾತೆ ಜಪ್ತಿಯಾದಾಗ ಯಾವ ದಿನ ವಿಷಯ ತಿಳಿಯಿತು, ಆ ದಿನದಿಂದ ಮೇಲ್ಮನವಿಯವರೆಗೆ ಏನೇನು ನಡೆಯಿತು ಎಂಬುದನ್ನು ದಿನಾಂಕವಾರು ಬರೆದೆವು. ತಡವಾದ ಮೇಲ್ಮನವಿದಾರನಿಗೆ ತಡದಿಂದ ಲಾಭವೇನೂ ಇಲ್ಲವೆಂಬ ಮಾತನ್ನು 1987ರ ಕಾತಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಇಂಥಲ್ಲಿ ಕೈಹಿಡಿಯುತ್ತದೆ.

ಮೇಲ್ಮನವಿಯ ಆಧಾರಗಳನ್ನು ಸಂಖ್ಯೆ ಹಾಕಿ, ಚಿಕ್ಕದಾಗಿ, ವಾದವಿಲ್ಲದೆ ಬರೆಯಬೇಕೆಂದು 1963ರ ನ್ಯಾಯಮಂಡಳಿ ನಿಯಮಗಳ 8ನೇ ನಿಯಮ ಹೇಳುತ್ತದೆ. ನಮ್ಮವು ನಾಲ್ಕೇ. ನೋಟಿಸು ತಲುಪದೆ ಆದೇಶವಾಗಿದೆ. ಗುಣಾವಗುಣದ ಮೇಲೆ ತೀರ್ಮಾನಿಸದೆ ಮೊದಲ ಮೇಲ್ಮನವಿಯನ್ನು ವಜಾ ಮಾಡಿದ್ದು 250(6)ನೇ ಕಲಮಿಗೆ ವಿರುದ್ಧ. ಜಮೆಯಾದ ಹಣ ಕೃಷಿ ಆದಾಯದ್ದು. 70 ವರ್ಷ ದಾಟಿದವರ 5 ಲಕ್ಷ ರೂಪಾಯಿವರೆಗಿನ ಜಮೆಯ ಬಗ್ಗೆ ಕೇಂದ್ರ ನೇರ ತೆರಿಗೆ ಮಂಡಳಿಯು 2017ರ ಫೆಬ್ರವರಿಯಲ್ಲಿ ಹೊರಡಿಸಿದ ಸೂಚನೆಯನ್ನು ಪರಿಗಣಿಸಿಲ್ಲ. ಇಲ್ಲಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದರಿಂದ ಪಹಣಿ ಮತ್ತು ಮಂಡಿಯ ಪಟ್ಟಿಗಳಿಗೆ ಇಂಗ್ಲಿಷ್ ಅನುವಾದವನ್ನು ಸೇರಿಸಿದೆವು.

ಪೇಪರ್ ಬುಕ್ ಎಂಬ ದಾಖಲೆಗಳ ಕಟ್ಟೇ ಇಲ್ಲಿನ ಸಾಕ್ಷಿಕಟ್ಟೆ. ಎಲ್ಲ ಪುಟಗಳಿಗೂ ಸಂಖ್ಯೆ, ಮುಂದೆ ಸೂಚಿ. ವಿಚಾರಣೆಗೆ ಕನಿಷ್ಠ ಒಂದು ದಿನ ಮೊದಲು ಸಲ್ಲಿಸಬೇಕು, ಇಲಾಖೆಯ ಕಡೆಗೆ ಅದಕ್ಕೂ ಒಂದು ವಾರ ಮೊದಲು ಪ್ರತಿ ತಲುಪಿದ್ದಕ್ಕೆ ರುಜುವಾತು ಇರಬೇಕು. ನಾವು ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿ, ಎಡಗಡೆ ಅಡಿಕೆ ಮಾರಿದ ದಿನ, ಪಟ್ಟಿಯ ಸಂಖ್ಯೆ, ಮೊತ್ತ, ಬಲಗಡೆ ಬ್ಯಾಂಕಿಗೆ ಕಟ್ಟಿದ ದಿನ ಮತ್ತು ಮೊತ್ತ, ಕೊನೆಯಲ್ಲಿ ಪುಟಸಂಖ್ಯೆ ಬರೆದಿದ್ದೆವು. ವಿಚಾರಣೆಯ ದಿನ ಸದಸ್ಯರು ಮೊದಲು ತೆರೆದದ್ದೂ ಆ ಹಾಳೆಯನ್ನೇ. ತೀರ್ಮಾನಿತ ಆದಾಯ 50 ಲಕ್ಷ ಮೀರದ ಪ್ರಕರಣಗಳನ್ನು ಒಬ್ಬರೇ ಸದಸ್ಯರು ಕೇಳಬಹುದು. ನಮ್ಮದೂ ಹಾಗೆಯೇ ನಡೆದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಇಲಾಖಾ ಪ್ರತಿನಿಧಿ ಮಾತಾಡುವಾಗ ನಡುವೆ ಬಾಯಿ ಹಾಕದೆ, ಬರೆದುಕೊಂಡು, ಉತ್ತರಕ್ಕೆ ಅವಕಾಶ ಬಂದಾಗ ಪುಟಸಂಖ್ಯೆ ಹೇಳಿ ಉತ್ತರಿಸಿದರೆ ಸಾಕು. ತಕ್ಷಣಕ್ಕೆ ಗೊತ್ತಾಗದ ಕಾನೂನಿನ ಪ್ರಶ್ನೆ ಬಂದರೆ ಲಿಖಿತ ಟಿಪ್ಪಣಿ ಕೊಡಲು ಸಮಯ ಕೇಳಬಹುದು.

ಈ ಮಧ್ಯೆ ವಸೂಲಿ ತಾನಾಗಿ ನಿಲ್ಲುವುದಿಲ್ಲ. ಮೊದಲ ಮೇಲ್ಮನವಿ ಬಾಕಿಯಿರುವಾಗ ಬೇಡಿಕೆಯ ಶೇಕಡಾ 20 ಕಟ್ಟಿದರೆ ಉಳಿದದ್ದಕ್ಕೆ ತಡೆ ಕೊಡಬಹುದೆಂದು 2017ರ ಜುಲೈ 31ರ ಸೂಚನೆಯಿದೆ. ನ್ಯಾಯಮಂಡಳಿಯಲ್ಲಿ ತಡೆ ಬೇಕಾದರೆ 500 ರೂಪಾಯಿ ಶುಲ್ಕದ ಪ್ರತ್ಯೇಕ ಅರ್ಜಿ, ಅಲ್ಲಿಯೂ ಶೇಕಡಾ 20 ಠೇವಣಿ ಅಥವಾ ಭದ್ರತೆ ಬೇಕು.

ಆದೇಶದಲ್ಲಿ ದಾಖಲೆಯ ಮೇಲೆಯೇ ಕಾಣುವ ತಪ್ಪಿದ್ದರೆ, ಆದೇಶವಾದ ತಿಂಗಳ ಕೊನೆಯಿಂದ ಆರು ತಿಂಗಳೊಳಗೆ 50 ರೂಪಾಯಿ ಶುಲ್ಕದ ಅರ್ಜಿ ಹಾಕಬಹುದು. ಹೈಕೋರ್ಟಿಗೆ ಹೋಗುವುದು ಗಣನೀಯ ಕಾನೂನು ಪ್ರಶ್ನೆಯಿದ್ದರೆ ಮಾತ್ರ, 120 ದಿನದೊಳಗೆ. ಅಲ್ಲಿಗೆ ವಕೀಲರಿಲ್ಲದೆ ಹೋಗಬೇಡಿ. ಮಾವನ ಮೇಲ್ಮನವಿಯಲ್ಲಿ ತಡವನ್ನು ಮನ್ನಿಸಿ, ಪ್ರಕರಣವನ್ನು ಹೊಸದಾಗಿ ವಿಚಾರಿಸುವಂತೆ ಅಧಿಕಾರಿಗೆ ಹಿಂದಿರುಗಿಸಿದರು. ಹೀಗೆ ಹಿಂದಿರುಗಿದ ಕಡತವನ್ನು ಗೆದ್ದ ಕಡತವೆಂದು ಕಟ್ಟಿಟ್ಟುಬಿಡುವವರು ಬಹಳ ಮಂದಿ, ಅವರಿಗೆ ಎರಡನೆಯ ಬಾರಿಯೂ ಏಕಪಕ್ಷೀಯ ಆದೇಶ ಬರುತ್ತದೆ. ನಾವು ಅಷ್ಟರಲ್ಲಿ ಪೋರ್ಟಲಿನಲ್ಲಿ ಮಾವನ ಮಗಳ ಇಮೇಲು ಹಾಕಿದ್ದೆವು. ಹೊಸ ನೋಟಿಸು ಒಂದು ಶನಿವಾರ ಸಂಜೆ ಬಂತು, ಅದೇ ಪೇಪರ್ ಬುಕ್ಕನ್ನು ಸೋಮವಾರ ಬೆಳಿಗ್ಗೆ ಅಪ್‌ಲೋಡ್ ಮಾಡಿ, ಸ್ವೀಕೃತಿ ಸಂಖ್ಯೆಯನ್ನು ಕಡತದ ಮೇಲೆ ಬರೆದಿಟ್ಟೆವು.